ಬಾಯಿ ಕಟ್ಟಿದ ತಾಮ್ರ

ಕುಂದಾಣದ ಹತ್ತಿರದ ನಮ್ಮ ಮನೆಯ ತಲೆಬಾಗಿಲು ದಾಟಿದರೆ ಮೊದಲು ಕಾಣುತ್ತಿದ್ದುದು ನಡುಮನೆಯ ಎದುರು ಗೋಡೆಗೆ ಹೊಡೆದಿದ್ದ ಉದ್ದನೆಯ ಹಲಸಿನ ಹಲಗೆ. ಅದರ ಮೇಲೆ ತಾಮ್ರದ ಪಾತ್ರೆಗಳು ಸಾಲಾಗಿ ಕೂತಿರುತ್ತಿದ್ದವು. ಆ ಮನೆಗೆ ಸೊಸೆಯಾಗಿ ಬಂದ ಪ್ರತಿಯೊಬ್ಬಳೂ ತವರಿನಿಂದ ಒಂದು ಬಿಂದಿಗೆ, ಒಂದು ಚೊಂಬು ತರಬೇಕಿತ್ತು. ಕಂಠದ ಕೆಳಗೆ ಚುಕ್ಕೆ ಚುಕ್ಕೆಯಾಗಿ ಕೊರೆದ ಅವಳ ಹೆಸರು. ಎಡಗಡೆ ಅಜ್ಜಿಯ ಜೋಡಿ, ನಡುವೆ ಅಮ್ಮನ ಜೋಡಿ, ಬಲಗಡೆ, ಕಿಟಕಿಯ ಬೆಳಕು ನೇರವಾಗಿ ಬೀಳುವ ಕಡೆ, ನನ್ನ ಚಿಕ್ಕಪ್ಪನ ಹೆಂಡತಿ ವಿಮಲ ಚಿಕ್ಕಮ್ಮನ ಜೋಡಿ. ಅದರಾಚೆ ಒಂದು ಗೇಣು ಜಾಗ ಖಾಲಿ. ಅದು ನನ್ನದು. ನಾನು ದೊಡ್ಡವಳಾದ ದಿನ ಅಲ್ಲಿಗೊಂದು ಪುಟ್ಟ ಚೊಂಬು ಏರುತ್ತದೆ ಎಂದು ಅಜ್ಜಿ ಹೇಳಿದ್ದಳು. ಹೇಳಿ ಸುಮ್ಮನಾಗುವ ಪೈಕಿಯಲ್ಲ ಅವಳು; ಚೊಂಬನ್ನು ತರಿಸಿ ಟ್ರಂಕಿನಲ್ಲಿ ಇಟ್ಟೂ ಆಗಿತ್ತು.

ಹೊತ್ತು ಮೂಡುವ ಮೊದಲು ಹೆಂಗಸರು ತಮ್ಮ ತಮ್ಮ ತಾಮ್ರವನ್ನು ಹಿತ್ತಲ ಕಲ್ಲಿಗೆ ಒಯ್ಯುತ್ತಿದ್ದರು. ಹುಣಸೆಹಣ್ಣು, ಒಂದು ಚಿಟಿಕೆ ಉಪ್ಪು, ಒಲೆಯ ಬೂದಿ, ತೆಂಗಿನ ನಾರು. ಹುಣಸೆಹಣ್ಣು ತಾಕಿದ ಕೂಡಲೇ ಕಪ್ಪು ಜಾರಿ ಒಳಗಿನ ಗುಲಾಬಿ ಬಣ್ಣ ಏಳುತ್ತದೆ, ಎಳೆಮಗುವಿನ ಅಂಗಾಲಿನ ಹಾಗೆ. ಆಮೇಲೆ ಚೆನ್ನಾಗಿ ತೊಳೆದು, ಹಳೇ ಪಂಚೆಯ ತುಂಡಿನಲ್ಲಿ ಒರೆಸಿ, ಒಂದು ಹನಿಯೂ ನಿಲ್ಲದ ಹಾಗೆ ಬಿಸಿಲಿಗೋ ಒಲೆಯ ಹತ್ತಿರವೋ ಇಡಬೇಕು. ಒದ್ದೆ ಬಿಟ್ಟರೆ ಹನಿ ನಿಂತಲ್ಲೆಲ್ಲ ಕಲೆ. ಎಷ್ಟು ಜೋಪಾನ ಮಾಡಿದರೂ ಅದು ಒಂದು ದಿನದ ಬಣ್ಣ. ಮರುದಿನ ಕೊಂಚ ಮಂಕು, ಅದರ ಮರುದಿನ ಇಟ್ಟಿಗೆ ಬಣ್ಣ, ಆಮೇಲೆ ಕಂದು. ಈಗ ನಾನಿರುವ ದೇವನಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ಎಲ್ಲರ ಡೈನಿಂಗ್ ಟೇಬಲ್ ಮೇಲೂ ತಾಮ್ರದ ಬಾಟಲ್ ಬಂದಿದೆ, ಹೆಲ್ತಿಗೆ ಒಳ್ಳೆಯದಂತೆ. ನಿಂಬೆಹಣ್ಣು, ಟೊಮ್ಯಾಟೊ ಸಾಸ್, ಬೇಕಿಂಗ್ ಸೋಡಾ ಅಂತ ದಿನಕ್ಕೊಂದು ಟಿಪ್ ವಾಟ್ಸಾಪಿನಲ್ಲಿ ಬರುತ್ತದೆ. ನನ್ನ ಶೋಕೇಸಿನಲ್ಲಿ ಕೂತಿರುವ ಚೊಂಬನ್ನು ನೋಡಿದವರು, ಆಂಟೀ ಇದು ಹೇಗೆ ಇಷ್ಟು ಶೈನ್ ಆಗಿದೆ, ಯಾವಾಗ ನೋಡಿದ್ರೂ ಹಾಗೇ ಇರತ್ತಲ್ಲ ಎನ್ನುತ್ತಾರೆ. ವಾರ್ನಿಶ್ ಹೊಡೆದಿದೆ ಎನ್ನುತ್ತೇನೆ. ಅಷ್ಟಕ್ಕೇ ಅವರ ಇಂಟರೆಸ್ಟ್ ಹೋಗಿಬಿಡುತ್ತದೆ.

ಅಜ್ಜಿಯ ಒಂದು ಕಟ್ಟುಪಾಡನ್ನು ಇಲ್ಲಿ ಹೇಳಲೇಬೇಕು. ಮುಟ್ಟಾದ ಹೆಂಗಸರು ಕೊಟ್ಟಿಗೆಯ ಮೂಲೆಯಲ್ಲಿ ಕೂರುವ ಪದ್ಧತಿ ಊರಿನಲ್ಲೆಲ್ಲ ಇದ್ದರೂ ನಮ್ಮ ಮನೆಯಲ್ಲಿ ಇರಲಿಲ್ಲ. ಅಜ್ಜಿಯೇ ಅದನ್ನು ಎತ್ತಿಹಾಕಿದ್ದಳು. ಇದಕ್ಕೆ ಪ್ರೋಗ್ರೆಸಿವ್ ಎನ್ನುವಂಥ ಕಾರಣವೇನಿರಲಿಲ್ಲ. ರಾಗಿ ಕಳೆ ತೆಗೆಯಲು, ಹಾಲು ಕರೆಯಲು ಕೈ ಸಾಲದು, ಒಬ್ಬಳು ಮೂರು ದಿನ ಕೂತರೆ ಕೆಲಸ ನಿಲ್ಲುತ್ತದೆ, ಅಷ್ಟೇ. ಆದರೆ ಒಂದನ್ನು ಮಾತ್ರ ಉಳಿಸಿಕೊಂಡಿದ್ದಳು: ಆ ದಿನಗಳಲ್ಲಿ ತಾಮ್ರ ಮುಟ್ಟಬಾರದು. ಮುಟ್ಟಿದರೆ ಮತ್ತೆಂದೂ ಹೋಗದ ಕಪ್ಪು ಕೂರುತ್ತದೆ ಎಂದು ಅವಳ ನಂಬಿಕೆ. ಒಬ್ಬಳ ತವರಿನ ತಾಮ್ರವನ್ನು ಇನ್ನೊಬ್ಬಳು ಬೆಳಗುವುದಂತೂ ಎಲ್ಲಿಯೂ ಇಲ್ಲ. ಹಾಗಾಗಿ ಹಲಗೆಯ ಮೇಲೆ ಒಂದು ಜೋಡಿ ಹೊಳೆದು ಪಕ್ಕದ ಜೋಡಿ ಮಂಕಾಗಿದ್ದರೆ, ಯಾರು ಯಾವ ದಿನಗಳಲ್ಲಿದ್ದಾರೆ ಎಂಬುದು ಬಾಯಿಬಿಟ್ಟು ಹೇಳದೆ ಮನೆಯವರಿಗೆಲ್ಲ ಗೊತ್ತಾಗುತ್ತಿತ್ತು. ಮನೆಯವರಿಗೆ ಮಾತ್ರವಲ್ಲ, ಜಗಲಿಯಲ್ಲಿ ಕೂತು ಎಲೆಅಡಿಕೆ ಹಾಕುವ ಪಕ್ಕದ ಮನೆಯ ತಿಮ್ಮಕ್ಕನಿಗೂ, ಹಾಲಿನ ಲೆಕ್ಕಕ್ಕೆ ಬರುವವನಿಗೂ ಗೊತ್ತಾಗುತ್ತಿತ್ತು. ತಿಂಗಳು ಕಳೆದರೂ ಮಂಕಾಗದಿದ್ದರೆ ಅದೂ ಒಂದು ಸುದ್ದಿ. ಅಜ್ಜಿಯ ಜೋಡಿ ಮಾತ್ರ ಸದಾ ಹೊಳೆಯುತ್ತಿತ್ತು. ಅವಳ ವಯಸ್ಸಿಗೆ ಆ ಸವಲತ್ತು ಸಿಕ್ಕಿತ್ತು.

ಅಮ್ಮ ಇದನ್ನೆಲ್ಲ ಲೆಕ್ಕಕ್ಕೇ ತೆಗೆದುಕೊಂಡವಳಲ್ಲ. ಅವಳಿಗೆ ನಾನಿದ್ದೆ, ನನ್ನ ಅಣ್ಣಂದಿರಿದ್ದರು. ಅವಳ ಬಿಂದಿಗೆಯನ್ನು ಯಾರೂ ಅಷ್ಟು ಗಮನವಿಟ್ಟು ನೋಡುತ್ತಿರಲಿಲ್ಲ. ಎಲ್ಲರ ಕಣ್ಣಿದ್ದುದು ಕಿಟಕಿಯ ಕಡೆಯ ಜೋಡಿಯ ಮೇಲೆ. ಚಿಕ್ಕಮ್ಮ ಮದುವೆಯಾಗಿ ಬಂದು ನಾಲ್ಕು ವರ್ಷವಾಗಿತ್ತು. ಬೆಳಗ್ಗೆ ಎದ್ದು ಕಣ್ಣುಜ್ಜಿಕೊಳ್ಳುತ್ತ ನಡುಮನೆಗೆ ಬರುವ ಅಜ್ಜಿ ಮೊದಲು ಆ ಕಡೆ ನೋಡುತ್ತಿದ್ದಳು. ಮಂಕಾಗಿದ್ದ ದಿನ ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಹೋಗುತ್ತಿದ್ದಳು. ಆ ಬಾಯಿ ಒರೆಸಿಕೊಳ್ಳುವುದನ್ನು ಅಡುಗೆಮನೆಯ ಬಾಗಿಲಿನಿಂದ ಚಿಕ್ಕಮ್ಮ ನೋಡುತ್ತಿದ್ದಳು. ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಬೋರ್ಡರ್ ಆಗಿದ್ದೆ, ಊರಿಗೆ ರಜೆಗಳಲ್ಲಿ ಮಾತ್ರ ಬರುತ್ತಿದ್ದೆ. ದೂರವಿದ್ದು ಬಂದವರಿಗೆ ಮನೆಯ ಇಂಥ ಸಣ್ಣ ಸಂಗತಿಗಳು ಚೆನ್ನಾಗಿ ಕಾಣುತ್ತವೆ.

ಆ ವರ್ಷದ ಮಳೆಗಾಲದಲ್ಲಿ ಒಂದು ಸಲ ಕಿಟಕಿಯ ಕಡೆಯ ಜೋಡಿ ತಿಂಗಳು ದಾಟಿದರೂ ಹೊಳೆಯುತ್ತಲೇ ಇತ್ತಂತೆ. ನನ್ನ ಚಿಕ್ಕಪ್ಪನಿಗೆ ದೇವನಹಳ್ಳಿಯ ಬಸ್‌ಸ್ಟ್ಯಾಂಡಿನ ಹಿಂದೆ ಪಂಪ್‌ಸೆಟ್ಟಿನ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತಿಕೊಡುವ ಅಂಗಡಿಯಿತ್ತು. ಊರವರಿಗೆಲ್ಲ ಅವನು ಮೋಟ್ರು ರಂಗಣ್ಣ. ಅವನು ಸಂಜೆ ಸೈಕಲ್ ತಳ್ಳಿಕೊಂಡು ಬರುವಾಗ ಜಗಲಿಯಿಂದ ತಿಮ್ಮಕ್ಕ ಕೂಗಿದಳಂತೆ.

“ಏನಪ್ಪಾ ಮೋಟ್ರು, ಸಿಹಿ ಯಾವಾಗ ಕೊಡಿಸ್ತೀಯ?”

“ಯಾವ ಸಿಹಿ ತಿಮ್ಮಕ್ಕ?”

“ಅಯ್ಯೋ, ಇವ್ನಿಗೇ ಗೊತ್ತಿಲ್ಲ ನೋಡಿ. ಹೋಗಪ್ಪ, ಒಳಗೆ ಹೋಗಿ ಹಲಗೆ ನೋಡು.”

ಚಿಕ್ಕಮ್ಮ ಅವತ್ತು ರಾತ್ರಿ ಹೇಳಬೇಕೆಂದುಕೊಂಡಿದ್ದ ಮಾತು ಹೀಗೆ ಜಗಲಿಯಲ್ಲೇ ಖರ್ಚಾಯಿತು. ನಾನು ದಸರಾ ರಜೆಗೆ ಬರುವ ಹೊತ್ತಿಗೆ ಆ ಜೋಡಿ ಮಡಕೆಯ ಹಾಗೆ ಕಪ್ಪಾಗಿತ್ತು. ಎಷ್ಟೋ ದಿನ ಯಾರೂ ಮುಟ್ಟದ ಕಪ್ಪು ಅದು. ಚಿಕ್ಕಮ್ಮ ಒಳಕೋಣೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. “ಏನೂ ಕೇಳ್ಬೇಡ,” ಎಂದಳು ಅಮ್ಮ. ಕೇಳುವ ಅಗತ್ಯವೂ ಇರಲಿಲ್ಲ. ಹಬ್ಬಕ್ಕೆಂದು ಬಂದವರೆಲ್ಲ ನಡುಮನೆಯಲ್ಲಿ ನಿಂತು ಒಮ್ಮೆ ಮೇಲೆ ನೋಡಿ, ತ್ಚ್ ಎಂದು, ಊಟಕ್ಕೆ ಕೂರುತ್ತಿದ್ದರು. ಅಜ್ಜಿ ಯಾರೊಂದಿಗೋ, “ಹಿಡ್ಕೊಳ್ಳಕ್ಕೆ ಆಗ್ಲಿಲ್ಲ ನೋಡು ಅವ್ಳ ಕೈಲಿ,” ಎಂದದ್ದು ನನಗೇ ಕೇಳಿಸಿತು. ಒಳಕೋಣೆಗೆ ಕೇಳಿಸದಿರಲು ನಮ್ಮ ಮನೆಯ ಗೋಡೆಗಳೇನೂ ಅಷ್ಟು ದಪ್ಪವಿರಲಿಲ್ಲ.

ಮುಂದಿನ ಬೇಸಿಗೆಯ ರಜೆ ಶುರುವಾದಾಗ ನನಗೆ ಮಂಗಬಾವು. ಕೆನ್ನೆ ಎರಡೂ ಊದಿ, ತಲೆಯ ಸುತ್ತ ಅಮ್ಮನ ಹಳೇ ಸೀರೆಯ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದೆ. ಸೂಲಿಬೆಲೆಯಲ್ಲಿ ನೆಂಟರ ಮದುವೆ. ಮನೆಗೆ ಮನೆಯೇ ಹೊರಟಿತು. ನನ್ನನ್ನು ನೋಡಿಕೊಳ್ಳಲು ಚಿಕ್ಕಮ್ಮ ಉಳಿದಳು. ಅವಳಾಗಿಯೇ ಉಳಿಯುತ್ತೇನೆ ಅಂದಿದ್ದಳು. ಮಧ್ಯಾಹ್ನ ಚಿಕ್ಕಪ್ಪ ಅಂಗಡಿ ಮುಚ್ಚಿಕೊಂಡು ಬಂದ. ಸೈಕಲ್ಲಿನ ಕ್ಯಾರಿಯರ್ ಮೇಲೆ ಗೋಣಿಯಲ್ಲಿ ಸುತ್ತಿದ ಒಂದು ತಗಡಿನ ಡಬ್ಬ. ಜೇಬಿನಿಂದ ಒಂದು ಹಳೇ ತಂತಿಯ ಸುರುಳಿ ತೆಗೆದು ಚಿಕ್ಕಮ್ಮನ ಕೈಗೆ ಕೊಟ್ಟು, ಬ್ಲೇಡಿನಲ್ಲಿ ಅದರ ಮೈ ಕೆರೆದು ತೋರಿಸಿದ. ಒಳಗೆ ಆಗತಾನೆ ಹುಣಸೆಹಣ್ಣು ಹಚ್ಚಿದಂಥ ಬಣ್ಣ.

“ಎಷ್ಟೋ ವರ್ಷ ಬಾವಿ ತೇವದಲ್ಲಿ ಬಿದ್ದಿದ್ದ ಮೋಟ್ರು ಇದು. ನೋಡು ಹೆಂಗಿದೆ. ಗಾಳಿ ತಾಕ್ಬಾರ್ದು, ಅಷ್ಟೇ. ಗಾಳಿ ತಾಕ್ಲಿಲ್ಲ ಅಂದ್ರೆ ತಾಮ್ರ ಹುಟ್ಟಿದ ಹಂಗೇ ಇರ್ತದೆ.”

“ನಿಮ್ಮಮ್ಮಂಗೆ ಗೊತ್ತಾದ್ರೆ?”

“ಗೊತ್ತಾಗೋಕೆ ಏನಿದೆ, ನೀರಿನ ಹಂಗೆ ಇರೋ ವಾರ್ನಿಶ್ ಇದು. ಮೋಟ್ರುಗೆ ಹಾಕೋ ಜೇನುತುಪ್ಪದ ಬಣ್ಣದ್ದಲ್ಲ. ಬೆಂಗಳೂರಿಂದ ತರಿಸ್ದೆ.”

ಆಮೇಲೆ ನನ್ನ ಕಡೆ ತಿರುಗಿದ.

“ಏನಮ್ಮಾ ಕಾನ್ವೆಂಟು, ಬಾಯಿ ಬಿಡಲ್ಲ ತಾನೆ?”

ಬಾಯಿ ಬಿಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ನನ್ನ ಕೆನ್ನೆ ತೋರಿಸಿದೆ. ಆ ಮನೆಯಲ್ಲಿ ಚಿಕ್ಕಮ್ಮ ಹೊಟ್ಟೆತುಂಬ ನಕ್ಕದ್ದನ್ನು ನಾನು ಮೊದಲು ನೋಡಿದ್ದು ಅವತ್ತು.

ಅವರಿಬ್ಬರೂ ಹಿತ್ತಲಿನಲ್ಲಿ ಎಷ್ಟೋ ಹೊತ್ತು ಕೆಲಸ ಮಾಡಿದರು. ಚಿಕ್ಕಮ್ಮ ಒಂದು ಸಲಕ್ಕೆ ಎರಡು ಸಲ ಬೆಳಗಿದಳು. ಬೂದಿಯ ಒಂದು ಕಣ ಉಳಿದರೂ ಪದರದಡಿ ಸಿಕ್ಕಿಕೊಳ್ಳುತ್ತದೆ ಎಂದು ಚಿಕ್ಕಪ್ಪ ಮತ್ತೆ ಮತ್ತೆ ತೊಳೆಸಿದ. ಒಲೆಯ ಬಿಸಿಗೆ ಹಿಡಿದು ಒಣಗಿಸಿದರು. ಬೆತ್ತಲೆ ಕೈಯಲ್ಲಿ ಮುಟ್ಟಬೇಡ, ಬೆರಳ ಜಿಡ್ಡು ಕೂರುತ್ತದೆ ಎಂದು ಅವಳ ಎರಡೂ ಕೈಗೆ ಬಟ್ಟೆ ಸುತ್ತಿದ್ದ. ಮೋಟಾರಿನ ಕೆಲಸಕ್ಕೆ ಬಳಸುವ ಮೆತ್ತನೆಯ ಬ್ರಷ್ಷಿನಲ್ಲಿ ಕಂಠದಿಂದ ಕೆಳಕ್ಕೆ, ಒಂದೇ ದಿಕ್ಕಿಗೆ, ಹೊರಮೈಗೆ ಮಾತ್ರ ಹಚ್ಚಿದ. ಚೊಂಬಿಗೆ ಹಚ್ಚುವ ಮೊದಲು ಅದು ಜಾರಿತು. ಚಿಕ್ಕಮ್ಮ ಬಟ್ಟೆ ಬಿಚ್ಚಿಹೋಗಿದ್ದ ಹೆಬ್ಬೆರಳಿನಿಂದ ಹಿಡಿದುಬಿಟ್ಟಳು. ಒರೆಸಿದರು, ಸಾಲಲಿಲ್ಲ. ಆ ಹೆಬ್ಬೆರಳ ಗುರುತು ವಾರ್ನಿಶ್ಶಿನ ಅಡಿಯಲ್ಲಿ ಉಳಿದುಕೊಂಡು, ಕಂದಾಗಿ, ಚಿಕ್ಕಮ್ಮ ಮುಂದೆ ನನಗೇ ಕೊಟ್ಟ ಆ ಚೊಂಬಿನ ಮೇಲೆ ಇವತ್ತಿಗೂ ನನ್ನ ಶೋಕೇಸಿನಲ್ಲಿದೆ. ಸಂಜೆಗೆ ವಾಸನೆ ಹೋಗಲೆಂದು ಸಾಂಬ್ರಾಣಿ ಹಾಕಿದರು. ಮದುವೆಯಿಂದ ಬಂದ ಅಜ್ಜಿ, ಯಾಕೆ ಧೂಪ ಎಂದಳು. ಮಗುವಿಗೆ ಮಂಗಬಾವಲ್ಲವಾ ಅದಕ್ಕೆ ಎಂದಳು ಚಿಕ್ಕಮ್ಮ. ಅಜ್ಜಿಗೆ ಅದು ಸರಿಯೆನಿಸಿತು.

ಕಾನ್ವೆಂಟಿನ ಚಾಪೆಲ್ಲಿನಲ್ಲಿ ಹಿತ್ತಾಳೆಯ ಕ್ಯಾಂಡಲ್‌ಸ್ಟ್ಯಾಂಡುಗಳಿದ್ದವು. ಶನಿವಾರ ಅವನ್ನು ಬೆಳಗುವ ಪಾಳಿ ನಮ್ಮದು. ಸಿಸ್ಟರ್ ಒಬ್ಬರು ಹಿಂದೆ ನಿಂತು, ಹೊಳಪು ಅನ್ನುವುದು ಮನಸ್ಸಿನ ಶುದ್ಧಿಯ ಹಾಗೆ, ದಿನಾ ಉಜ್ಜಬೇಕು ಗರ್ಲ್ಸ್ ಎನ್ನುತ್ತಿದ್ದರು. ನಮ್ಮ ಮನೆಯ ಕಿಟಕಿಯ ಕಡೆಯ ಜೋಡಿಗೆ ಈಗ ಆ ಮಾತು ಅನ್ವಯಿಸುತ್ತಿರಲಿಲ್ಲ. ಚಿಕ್ಕಮ್ಮ ಬೆಳಗ್ಗೆ ಎಲ್ಲರ ಹಾಗೆ ಅದನ್ನು ಕಲ್ಲಿಗೆ ಒಯ್ದು, ಬರಿಯ ನೀರಿನಲ್ಲಿ ತೊಳೆದು, ಒರೆಸಿ ತಂದಿಡುತ್ತಿದ್ದಳು. ಮುಟ್ಟಾದ ದಿನಗಳಲ್ಲಿ ಕಟ್ಟುಪಾಡಿನ ಪ್ರಕಾರ ಮುಟ್ಟುತ್ತಲೂ ಇರಲಿಲ್ಲ. ಕಲ್ಲಿಗೆ ಯಾರು ಒಯ್ದರು, ಯಾರು ಒಯ್ಯಲಿಲ್ಲ ಎಂದು ಯಾರೂ ನೋಡುತ್ತಿರಲಿಲ್ಲ, ಎಲ್ಲರ ಕಣ್ಣೂ ಹಲಗೆಯ ಮೇಲೆ. ಅವಳು ಒಂದು ನಿಯಮವನ್ನೂ ಮುರಿಯಲಿಲ್ಲ. ಹಲಗೆ ಮಾತ್ರ ಅದನ್ನು ಊರಿಗೆ ಸಾರುವುದನ್ನು ನಿಲ್ಲಿಸಿತ್ತು. ಅವಳ ನಡಿಗೆಯೇ ಬದಲಾಯಿತು. ನಡುಮನೆಯಲ್ಲಿ ನೆಂಟರು ಕೂತಿದ್ದರೂ ಅವರ ನಡುವೆಯೇ ಹಾದು ಹೋಗುತ್ತಿದ್ದಳು, ಮುಂಚಿನ ಹಾಗೆ ಗೋಡೆ ಸವರಿಕೊಂಡು ಹೋಗುತ್ತಿರಲಿಲ್ಲ. ಪ್ರೈವೆಸಿ ಎನ್ನುವ ಮಾತನ್ನು ನಾನು ಇಂಗ್ಲಿಷಿನಲ್ಲಿ ಕಲಿತದ್ದು ಎಷ್ಟೋ ಆಮೇಲೆ. ಅದನ್ನು ಮೊದಲು ನೋಡಿದ್ದು ಆ ನಡಿಗೆಯಲ್ಲಿ.

ಅವಳ ಪಾಲಿನ ಹುಣಸೆಹಣ್ಣು ಉಳಿಯತೊಡಗಿತು. ಹಿಂತಿರುಗಿಸಿದರೆ ಅನುಮಾನ, ಬಿಸಾಡಲು ಮನಸ್ಸಿಲ್ಲ. ಕಲ್ಲಿನ ಹತ್ತಿರ ಕೂತು ಅದಕ್ಕೆ ಉಪ್ಪು ಸೇರಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನನಗೂ ಒಂದು ಚೂರು ಕೊಡುತ್ತಿದ್ದಳು. ಒಂದು ಬೆಳಗ್ಗೆ ಅಜ್ಜಿ ಮಂಡಿ ಹಿಡಿದುಕೊಂಡು ಹಿತ್ತಲ ಮೆಟ್ಟಿಲು ಇಳಿದು ಬಂದಳು. ಚಿಕ್ಕಮ್ಮನ ಬಾಯಿ ಆಡುತ್ತಿತ್ತು, ಪಕ್ಕದಲ್ಲಿ ಹುಣಸೆಬೀಜಗಳ ಒಂದು ಪುಟ್ಟ ಗುಡ್ಡೆ. ಅಜ್ಜಿ ಬೀಜ ನೋಡಿದಳು, ಚಿಕ್ಕಮ್ಮನ ಮುಖ ನೋಡಿದಳು, ಬಂದ ದಾರಿಯಲ್ಲೇ ವಾಪಸು ಹೋದಳು. ನಡುಮನೆಯಲ್ಲಿ ನಿಂತು ಹಲಗೆಯ ಕಡೆ ಬಹಳ ಹೊತ್ತು ನೋಡಿದಳಂತೆ. ತಿಂಗಳು ದಾಟಿತ್ತು. ಕಿಟಕಿಯ ಕಡೆಯ ಜೋಡಿ ಒಂದು ದಿನಕ್ಕಾದರೂ ಮಂಕಾಗಿರಲಿಲ್ಲ.

ಅಲ್ಲಿಂದ ಮನೆಯಲ್ಲಿ ಏನೇನೋ ಬದಲಾಯಿತು. ಹಾಲಿನ ಕೆನೆ ಚಿಕ್ಕಮ್ಮನ ಲೋಟಕ್ಕೆ ಬೀಳತೊಡಗಿತು. ಬಾವಿಯಿಂದ ನೀರು ತರಲು ಅವಳು ಹೊರಟರೆ ಅಜ್ಜಿ ತಡೆಯುತ್ತಿದ್ದಳು.

“ನೀ ಇಡು. ದೊಡ್ಡೋಳು ತರ್ತಾಳೆ.”

“ನಾನೇನು ಎಮ್ಮೆನಾ ಅತ್ತೆ, ಎರಡು ಪಾಲು ಹೊರೋಕೆ?” ಎಂದಳು ಅಮ್ಮ.

“ನಿಂಗೂ ಹಂಗೇ ನೋಡ್ಕೊಂಡಿಲ್ವಾ ಆವಾಗ? ಮರೆತುಬುಟ್ಯಾ?”

ಅಮ್ಮನಿಗೆ ಅರ್ಥವಾಯಿತು. ಮುಖ ಸಡಿಲವಾಯಿತು, ಕೊಡ ಎತ್ತಿಕೊಂಡು ಹೋದಳು. ಚಿಕ್ಕಮ್ಮನಿಗೆ ಅರ್ಥವಾಗಲಿಲ್ಲ, ಅವಳು ಅಷ್ಟರಲ್ಲಿ ಕೊಡ ಇಟ್ಟು ದನಗಳ ಹತ್ತಿರ ಹೋಗಿಬಿಟ್ಟಿದ್ದಳು. ಹೋದ ವರ್ಷದ ಸಂಕಟ ನೆನೆಸಿಕೊಂಡು ಅತ್ತೆಗೆ ಈಗ ಮರುಕ ಬಂದಿದೆ ಎಂದು ಅವಳು ತಿಳಿದಿದ್ದಳು. ಅಜ್ಜಿಯ ಪ್ರೀತಿ ಸಿಕ್ಕಿದ ಸಂತೋಷದಲ್ಲಿ ಕಾರಣ ಕೇಳಲಿಲ್ಲ. ಅಜ್ಜಿಯೂ ಈ ಸಲ ಬಾಯಿ ಬಿಡಲಿಲ್ಲ, ಹೋದ ಸಲ ದೃಷ್ಟಿಯಾಯಿತು ಎಂದು ಅವಳ ಲೆಕ್ಕ. ತಿಮ್ಮಕ್ಕ ಜಗಲಿಯಿಂದ ಕತ್ತು ಉದ್ದ ಮಾಡಿದರೆ ಅಡ್ಡ ನಿಲ್ಲುತ್ತಿದ್ದಳು. ಎರಡನೆಯ ತಿಂಗಳೂ ಕಳೆಯುತ್ತ ಬಂತು. ಆಗ ಅಜ್ಜಿ ಯಾರಿಗೂ ತಿಳಿಸದೆ, ಬಸ್ಸಿನವನ ಕೈಯಲ್ಲಿ ಚಿಕ್ಕಮ್ಮನ ತವರಿಗೆ ಹೇಳಿಕಳಿಸಿದಳು.

ಚಿಕ್ಕಮ್ಮನ ತಾಯಿ ಶಿವಗಂಗೆಯ ಕಡೆಯವರು. ನಾನು ಅವರನ್ನು ಶಿವಗಂಗೆ ಅಜ್ಜಿ ಎನ್ನುತ್ತಿದ್ದೆ. ಶಾಲೆ ಶುರುವಾಗಲು ಇನ್ನೇನು ಕೆಲವೇ ದಿನಗಳಿರುವಾಗ, ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿ, ತಲೆಯ ಮೇಲೆ ಕುಕ್ಕೆ ಹೊತ್ತು ಅವರು ಬಾಗಿಲಲ್ಲಿ ನಿಂತರು. ಕುಕ್ಕೆ ಇಳಿಸಿದರು. ಮೇಲಿನ ಬಟ್ಟೆ ಸರಿಸಿದಾಗ ಮಾವಿನಕಾಯಿ, ಅದರಡಿ ಕಾಗದದಲ್ಲಿ ಸುತ್ತಿದ ಹಸಿರು ಗಾಜಿನ ಬಳೆಗಳು. ಬಳೆ ನೋಡಿ ತಿಮ್ಮಕ್ಕ ಜಗಲಿಯಿಂದ ಎದ್ದು ಒಳಗೇ ಬಂದುಬಿಟ್ಟಳು.

“ನಂಗೆ ಆವತ್ತೇ ಗೊತ್ತಿತ್ತು ಕಣ್ರಮ್ಮ. ಬಿಂದಿಗೆ ಥಳಥಳ ಅಂತಿತ್ತು.”

ಚಿಕ್ಕಮ್ಮ ಮಜ್ಜಿಗೆಯ ಲೋಟ ಹಿಡಿದು ಅಡುಗೆಮನೆಯಿಂದ ಬಂದವಳು ಅಲ್ಲೇ ನಿಂತಳು. ಬಳೆ, ತಾಯಿಯ ಬೆವರಿದ ಮುಖ, ಅಜ್ಜಿಯ ನಗು, ಹಲಗೆ. ಒಂದೊಂದನ್ನೇ ನೋಡಿದಳು. ಕೆನೆ ಯಾಕೆ ಬಂತು, ನೀರು ಹೊರುವುದು ಯಾಕೆ ತಪ್ಪಿತು ಎಂದು ಅವಳಿಗೆ ತಿಳಿಯುತ್ತಿರುವುದು ನನಗೆ ಕಾಣುತ್ತಿತ್ತು. ಸುಮ್ಮನಿದ್ದಿದ್ದರೆ ಒಂದೆರಡು ವಾರ ಕಳೆದು, ಮತ್ತೆ ಹೋಯಿತು ಎನ್ನಬಹುದಿತ್ತು. ಆಗ ವಾರ್ನಿಶ್ಶಿನ ಗುಟ್ಟೂ ಉಳಿಯುತ್ತಿತ್ತು. ಅಂಥದೊಂದು ದಾರಿ ಇತ್ತೆಂದು ಅವಳೇ ಎಷ್ಟೋ ವರ್ಷದ ಮೇಲೆ ನನಗೆ ಹೇಳಿದಳು; ಇಲ್ಲದ ಮಗುವನ್ನು ಹೋಯಿತು ಎನ್ನಲು ಬಾಯಿ ಬರಲಿಲ್ಲ ಎಂದಳು. ಲೋಟ ಕೆಳಗಿಟ್ಟು, ತಿಮ್ಮಕ್ಕನಿಗೆ, “ನೀವು ಸ್ವಲ್ಪ ಆಚೆ ಇರಿ,” ಎಂದಳು. ಆ ಮನೆಯಲ್ಲಿ ತಿಮ್ಮಕ್ಕನಿಗೆ ಹಾಗೆ ಯಾರೂ ಅಂದಿರಲಿಲ್ಲ. ತಿಮ್ಮಕ್ಕ ಹೋದಳು. ಚಿಕ್ಕಮ್ಮ ಹಲಗೆಯ ಮೇಲಿನ ಬಿಂದಿಗೆ ತೆಗೆದು ಅಜ್ಜಿಯ ಮುಂದೆ ಕೂತು, ತಲೆಯಿಂದ ಹೇರ್‌ಪಿನ್ ಕಿತ್ತು, ಬಿಂದಿಗೆಯ ತಳದ ಹತ್ತಿರ ಕೆರೆದಳು. ಈರುಳ್ಳಿ ಸಿಪ್ಪೆಯಂಥ ಒಂದು ಪದರ ಸುರುಳಿಯಾಗಿ ಎದ್ದಿತು.

“ಇದು ಏನೂ ಹೇಳಲ್ಲ ಅತ್ತೆ. ಇದರ ಬಾಯಿ ಕಟ್ಟಿದ್ದೀನಿ.”

ಅಜ್ಜಿ ಆ ಸಿಪ್ಪೆಯನ್ನು ಉಗುರಿನಲ್ಲಿ ಎತ್ತಿ ಬೆಳಕಿಗೆ ಹಿಡಿದಳು.

“ಅಂದ್ರೆ, ಏನೂ ಇಲ್ವಾ?”

“ಇಲ್ಲ ಅತ್ತೆ.”

“ಯಾಕಮ್ಮಾ ಹಿಂಗ್ ಮಾಡ್ದೆ?”

“ಹೋದ್ ಸಲ ನಿಮ್ಮ ಮಗನಿಗೆ ನಾನು ಹೇಳೋಕೆ ಮುಂಚೆ ತಿಮ್ಮಕ್ಕಂಗೆ ಗೊತ್ತಾಗಿತ್ತು. ಹೋದಾಗ್ಲೂ ಹಂಗೇ. ನಾನಿನ್ನೂ ಅಳ್ತಾ ಇದ್ದೆ, ಬಂದೋರೆಲ್ಲ ಇಲ್ಲಿ ನಿಂತು ಬಿಂದಿಗೆ ನೋಡ್ತಿದ್ರು. ನನ್ನ ಮೈಯೊಳಗಿನ ಸಮಾಚಾರ ಅತ್ತೆ ಅದು. ನಾನ್ ಹೇಳ್ಬೇಕಿತ್ತು.”

ಶಿವಗಂಗೆ ಅಜ್ಜಿ ಬಳೆಯ ಕಾಗದವನ್ನು ಮತ್ತೆ ಮಡಿಚುತ್ತಿದ್ದರು. ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅಜ್ಜಿ ಬಿಂದಿಗೆಯೊಳಗೆ ಬಗ್ಗಿ ಮೂಸಿದಳು.

“ನೀರು ವಾಸ್ನೆ ಬರಲ್ವಾ?”

“ಒಳಗೆ ಹಚ್ಚಿಲ್ಲ ಅತ್ತೆ. ಹೊರಗೆ ಮಾತ್ರ.”

ಅಜ್ಜಿ ಹೂಂ ಎಂದಳು. ಆಮೇಲೆ ಎದ್ದು ಕುಕ್ಕೆಯನ್ನು ತನ್ನ ಕಡೆ ಎಳೆದುಕೊಂಡಳು. “ಕಾಯಿ ಚೆನ್ನಾಗವೆ ಬೀಗಿತಮ್ಮ. ಉಪ್ಪಿನಕಾಯಿ ಹಾಕಣ,” ಎಂದಳು. ಬಳೆಯ ಕಾಗದವನ್ನು ಅವರ ಕೈಯಿಂದ ಬಿಡಿಸಿಕೊಂಡು, ಬಂದ ಬಳೆ ವಾಪಸು ಹೋಗುವುದು ಬೇಡ ಎಂದು ಎಲ್ಲರನ್ನೂ ಕೂರಿಸಿ ಹಂಚಿದಳು. ಅಮ್ಮನಿಗೆ, ಚಿಕ್ಕಮ್ಮನಿಗೆ, ಶಿವಗಂಗೆ ಅಜ್ಜಿಗೆ, ಕೊನೆಗೆ ನನಗೆ. ನನ್ನ ಕೈಗೆ ದೊಡ್ಡವಾಗಿದ್ದವು, ಮೊಣಕೈವರೆಗೆ ಜಾರುತ್ತಿದ್ದವು. ಮಧ್ಯಾಹ್ನ ತಿಮ್ಮಕ್ಕ ಮತ್ತೆ ಇಣುಕಿದಾಗ ಎಲ್ಲ ಹೆಂಗಸರ ಕೈಯಲ್ಲೂ ಒಂದೇ ಬಣ್ಣದ ಬಳೆ. ಯಾರದು ಯಾವ ಕಾರಣಕ್ಕೆ ಎಂದು ಅವಳಿಗೆ ಗೊತ್ತಾಗಲಿಲ್ಲ. ಶಾಲೆಗೆ ಹೋದ ದಿನವೇ ಸಿಸ್ಟರ್ ನನ್ನ ಬಳೆ ತೆಗೆಸಿದರು, ನೋ ಬ್ಯಾಂಗಲ್ಸ್ ಇನ್ ದಿ ಡಾರ್ಮಿಟರಿ.

ಇದರಿಂದ ಅಜ್ಜಿ ದೇವತೆಯಾದಳು ಎಂದು ಯಾರೂ ತಿಳಿಯಬಾರದು. ಮಗನೊಂದಿಗೆ ಅವಳು ಎಷ್ಟೋ ದಿನ ಮಾತು ಬಿಟ್ಟಳು. “ಮೋಟ್ರು ಕಟ್ಟೋನು ಮನೆ ಪಾತ್ರೆಗೆ ಬಣ್ಣ ಬಳಿದ. ನಾಳೆ ನನ್ ಮಕಕ್ಕೂ ಬಳೀತಾನೆ,” ಎಂದು ಗೋಡೆಗೆ ಹೇಳುತ್ತಿದ್ದಳು. “ಬಳಿದ್ರೆ ಸುಕ್ಕು ಕಾಣಲ್ಲ ಬುಡವ್ವ,” ಎಂದು ಅವನೂ ಗೋಡೆಗೇ ಹೇಳುತ್ತಿದ್ದ. ಕೆನೆ ಮತ್ತೆ ಅವರವರ ಪಾಲಿಗೆ ಹೋಯಿತು, ನೀರು ಹೊರುವುದು ಸಮಪಾಲಾಯಿತು, ಅದಕ್ಕೆ ಅಮ್ಮನ ಆಕ್ಷೇಪವೇನೂ ಇರಲಿಲ್ಲ. ಆದರೆ ನಾನು ಹೊರಡುವ ಹಿಂದಿನ ದಿನ ಅಜ್ಜಿ ಅಮ್ಮನನ್ನು ಕರೆದು, ಹಲಗೆಯ ಮೇಲಿನದೆಲ್ಲ ಇಳಿಸಿ ಅಡುಗೆಮನೆಯ ಒಳಗಿನ ಕತ್ತಲೆ ಕೋಣೆಗೆ ಇಡಿಸಿದಳು. ತನ್ನ ಸದಾ ಹೊಳೆಯುವ ಜೋಡಿಯನ್ನೂ ಇಳಿಸಿದಳು. ಹಲಗೆಯ ಮೇಲೆ ವರ್ಷಗಟ್ಟಲೆ ಬಿಂದಿಗೆ ಕೂತಿದ್ದ ದುಂಡು ಗುರುತುಗಳು ಮಾತ್ರ ಉಳಿದವು. ಬೋಳು ಬೋಳಾಗಿ ಕಾಣುತ್ತದೆ ಎಂದು ಅಲ್ಲಿಗೆ ಸಿಹಿಗುಂಬಳಕಾಯಿ ಏರಿಸಿದರು. ಆಮೇಲೆ ನಮ್ಮ ನಡುಮನೆಯಲ್ಲಿ ಸದಾ ಕುಂಬಳಕಾಯಿ. ಮುಂದೆ ಎರಡು ವರ್ಷಕ್ಕೆ ನಾನು ಕಾನ್ವೆಂಟಿನಲ್ಲೇ ದೊಡ್ಡವಳಾದೆ. ಅಮ್ಮನಿಗೆ ನಾನಾಗಿಯೇ ಹೇಳಿದೆ, ರಜೆಗೆ ಬಂದ ಮೇಲೆ, ನನಗೆ ಹೇಳಬೇಕೆನಿಸಿದಾಗ. ಟ್ರಂಕಿನ ಪುಟ್ಟ ಚೊಂಬು ಟ್ರಂಕಿನಲ್ಲೇ ಉಳಿಯಿತು. ಇಡೀ ಬದುಕು ನಾನು ಒಬ್ಬಳೇ ಇದ್ದವಳು, ಟೀಚರ್ ಆಗಿಯೇ ಮುದುಕಿಯಾದವಳು. ಕಲೀಗ್ಸ್ ನನ್ನನ್ನು ರಿಸರ್ವ್ಡ್ ಎನ್ನುತ್ತಿದ್ದರು. ಯಾರ ಮುಖವನ್ನೂ ಓದಿ ಹೇಳುವ ಅಭ್ಯಾಸ ನನಗೆ ಬರಲಿಲ್ಲ. ಅವರಾಗಿ ಹೇಳಲಿ ಎಂದು ಕಾಯುತ್ತೇನೆ. ಕೆಲವರು ಹೇಳದೆಯೇ ಹೋದರು, ಅದರ ನಷ್ಟವನ್ನೂ ನಾನು ಬಲ್ಲೆ.

ಹಲಗೆಗೆ ಕುಂಬಳಕಾಯಿ ಏರಿದ ಮರುವರ್ಷ ನಾನು ಕ್ರಿಸ್ಮಸ್ ರಜೆಗೆ ಬಂದಾಗ ಅವರೆಕಾಯಿಯ ಕಾಲ. ನನ್ನನ್ನು ಕರೆತರಲು ಬಸ್ಸಿನ ಹತ್ತಿರ ಬಂದಿದ್ದ ಅಮ್ಮ ದಾರಿಯುದ್ದಕ್ಕೂ ಏನೋ ಹೇಳಬೇಕೆಂದುಕೊಂಡು, ಮನೆ ಹತ್ತಿರವಾದಾಗ ಹೇಳಿದಳು.

“ಚಿಕ್ಕಮ್ಮನ್ನ ಏನೂ ಕೇಳ್ಬೇಡ. ಹೊಟ್ಟೆ ಕಡೆ ನೋಡ್ಲೂ ಬೇಡ. ಅಜ್ಜಿ ಎಲ್ಲಾರ್ಗೂ ಹೇಳೌಳೆ, ಅವ್ಳೇ ಹೇಳೋವರ್ಗೂ ಯಾರೂ ಪಿಟ್ ಅನ್ಬಾರ್ದು ಅಂತ.”

ನೋಡದಿರುವುದು ಸುಲಭವಿರಲಿಲ್ಲ. ಸೆರಗನ್ನು ಹೇಗೆ ಹೊದ್ದರೂ ತಿಳಿಯುವಷ್ಟು ದಿನ ತುಂಬಿತ್ತು. ಮನೆಯಲ್ಲಿ ಎಲ್ಲರೂ ಅವಳ ತಲೆಯ ಮೇಲಿನ ಗಾಳಿಯನ್ನು ನೋಡಿಕೊಂಡು ಮಾತಾಡುತ್ತಿದ್ದರು. ಸಂಜೆ ನಡುಮನೆಯಲ್ಲಿ, ಕುಂಬಳಕಾಯಿಯ ಹಲಗೆಯ ಕೆಳಗೆ, ಬೇಸಿನ್ ಸುತ್ತ ಕೂತು ನೆನೆಸಿದ ಅವರೆಕಾಳು ಹಿಚುಕುತ್ತಿದ್ದೆವು. ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಸಕ್ಕನೆ ಹಾರುತ್ತದೆ. ತಿಮ್ಮಕ್ಕ ಬಂದು ಕೂತಳು, ಚಿಕ್ಕಮ್ಮನನ್ನು ನೋಡಿದಳು, ತಡೆಯಲಾಗಲಿಲ್ಲ.

“ಏನಮ್ಮಾ ವಿಮಲ, ಇತ್ತೀಚೆಗೆ ಸ್ವಲ್ಪ...”

“ತಿಮ್ಮಕ್ಕ,” ಎಂದಳು ಅಜ್ಜಿ ತಲೆಯೆತ್ತದೆ, “ಬಾಯ್ಗಿಂತ ಕೈ ಆಡ್ಲಿ. ಆ ಮೊರದ್ದು ಹಾಗೇ ಐತೆ.”

ತಿಮ್ಮಕ್ಕ ಹಿಚುಕತೊಡಗಿದಳು. ಚಿಕ್ಕಮ್ಮ ಕೈಯಲ್ಲಿದ್ದ ಕಾಳನ್ನು ಹಿಚುಕಿ, ಸಿಪ್ಪೆ ಪಕ್ಕಕ್ಕೆ ಹಾಕಿ, ಸೆರಗಿನಲ್ಲಿ ಕೈ ಒರೆಸಿಕೊಂಡಳು.

“ಅತ್ತೆ, ನಿಮ್ಗೊಂದು ವಿಷ್ಯ ಹೇಳ್ಬೇಕಿತ್ತು. ನಾನು ಬಸ್ರಿ.”

ಅಜ್ಜಿ ಕೈ ನಿಲ್ಲಿಸಿದಳು. ಕಣ್ಣಗಲಿಸಿ ಚಿಕ್ಕಮ್ಮನ ಮುಖವನ್ನೇ ನೋಡಿದಳು, ಹೊಟ್ಟೆಯ ಕಡೆ ನೋಡಲಿಲ್ಲ.

“ಹೌದೇನಮ್ಮಾ? ನಂಗ್ ಗೊತ್ತೇ ಇಲ್ಲ ನೋಡು. ಲೇ ದೊಡ್ಡೋಳೆ, ನಿಂಗೇನಾದ್ರೂ ಗೊತ್ತಿತ್ತಾ?”

“ಇಲ್ವಲ್ಲ ಅತ್ತೆ,” ಎಂದಳು ಅಮ್ಮ. “ಈಗ್ಲೇ ಕೇಳಿದ್ದು.”

“ತಿಮ್ಮಕ್ಕ, ನಿಂಗೆ?”

ತಿಮ್ಮಕ್ಕನ ಬದುಕಿನಲ್ಲಿ ಅಷ್ಟು ಕಷ್ಟದ ಉತ್ತರ ಇನ್ನೊಂದಿರಲಾರದು. “ನಂಗ್ಯಾರು ಹೇಳ್ತಾರೆ ಬುಡಮ್ಮ,” ಎಂದಳು.

ಅಜ್ಜಿ ಮೊರವನ್ನು ಪಕ್ಕಕ್ಕೆ ಸರಿಸಿ ಚಿಕ್ಕಮ್ಮನ ಹತ್ತಿರ ಕೂತಳು. ಎಷ್ಟು ತಿಂಗಳು ಎಂದು ಕೇಳಿದಳು. ಬೆಳಗ್ಗೆ ವಾಂತಿಯಾಗುತ್ತಿತ್ತಾ, ಏನು ತಿನ್ನಬೇಕೆನಿಸುತ್ತಿತ್ತು, ಮೊದಲು ಒದ್ದದ್ದು ಯಾವಾಗ, ಎಡಕ್ಕೋ ಬಲಕ್ಕೋ, ಮಗನಿಗೆ ಯಾವತ್ತು ಹೇಳಿದೆ, ಅವನೇನೆಂದ. ಅದರಲ್ಲಿ ಎಷ್ಟನ್ನು ಅವಳು ಒಂದೇ ಸೂರಿನಡಿ ತಿಂಗಳುಗಟ್ಟಲೆ ಕಣ್ಣಾರೆ ನೋಡಿದ್ದಳೋ, ಅದನ್ನೂ ಒಂದೊಂದಾಗಿ ಕೇಳಿದಳು. ಚಿಕ್ಕಮ್ಮ ಒಂದೊಂದಕ್ಕೂ ನಿಧಾನವಾಗಿ ಉತ್ತರ ಹೇಳಿದಳು. ಪ್ರತಿ ಉತ್ತರಕ್ಕೂ ಅಜ್ಜಿ, ಹೌದಾ, ಹೌದಾ ಎನ್ನುತ್ತಿದ್ದಳು. ನಾವು ಉಳಿದವರು ತಲೆ ತಗ್ಗಿಸಿ ಕಾಳು ಹಿಚುಕುತ್ತಿದ್ದೆವು.